ಸೀಸದ ಮೊಹರು

ಬೆಂಗಳೂರಿನಿಂದ ಪಡುವಣಕ್ಕೆ ಹೊರಡುವ ಹಳೆಯ ದಾರಿಗಳು ಎರಡು. ಒಂದು ಮಾಗಡಿಗೆ, ಇನ್ನೊಂದು ಮೈಸೂರಿಗೆ. ಇವೆರಡೂ ಕವಲೊಡೆದು ದೂರದೂರವಾಗುವ ಎಡೆಯಲ್ಲಿ, ಮಾಗಡಿ ರಸ್ತೆಗೆ ಹೆಚ್ಚು ಸಮೀಪವಾಗಿ, ಮಾರೇನಹಳ್ಳಿಯೆಂಬ ಗ್ರಾಮವೊಂದಿದ್ದಿತು. ಜಯನಗರದ ದಿಕ್ಕಿನಲ್ಲಿಯೂ ಇದೇ ನಾಮಧೇಯದ ಇನ್ನೊಂದು ಊರಿರುವುದರಿಂದ ಆಟೋ ಚಾಲಕರು "ಯಾವ ಮಾರೇನಹಳ್ಳಿ ಸ್ವಾಮಿ?" ಎಂದು ಕೇಳುವುದು ನ್ಯಾಯವೇ ಆಗಿದೆ; ನಾನು ಬರೆಯಹೊರಟಿರುವುದು ಹೊಸಹಳ್ಳಿ, ಮೂಡಲಪಾಳ್ಯ, ಗೋವಿಂದರಾಜನಗರಗಳ ನೆರೆಯದಾದ, ವಿಜಯನಗರದ ಮೈಯಲ್ಲಿ ಬೆರೆತುಹೋಗಿರುವ ಮಾರೇನಹಳ್ಳಿಯನ್ನು ಕುರಿತು. ಹೊಲವೆಲ್ಲ ನಿವೇಶನವಾಗಿ, ಕಾಲುದಾರಿಯೆಲ್ಲ ಅಡ್ಡರಸ್ತೆಯಾಗಿ, ಊರಿನ ಹೆಸರು ಕೊನೆಗೆ ಮಹಾನಗರಪಾಲಿಕೆಯ ಒಂದು ವಾರ್ಡಿಗೆ ಅಂಟಿಕೊಂಡು ಉಳಿಯಿತು. ಇಂತಹ ಊರುಗಳ ಚರಿತ್ರೆಯನ್ನು ಬರೆಯುವವರು ಗುಡಿಯ ಶಾಸನವನ್ನೋ ಕೆರೆಯ ತೂಬನ್ನೋ ಹುಡುಕುವುದು ವಾಡಿಕೆ. ನನಗೆ ಕುತೂಹಲವನ್ನುಂಟುಮಾಡಿದ್ದು ಅವುಗಳಿಗಿಂತ ಬಹಳ ಈಚಿನದಾದ, ಯಾವ ಕಲ್ಲಿನ ಮೇಲೂ ಕೆತ್ತಿಸಲ್ಪಡದ ಒಂದು ಕಸುಬು: ಕಡಮೆ ಹಣದಲ್ಲಿ ಹೆಚ್ಚು ಬಲದ ಲಾರಿ ಎಂಜಿನನ್ನು ಕಟ್ಟುವ ಕಸುಬು.

ಈ ಕಸುಬು ಮಾರೇನಹಳ್ಳಿಯೊಂದರ ಸ್ವತ್ತಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟಿನಿಂದ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳವರೆಗೆ ಹಬ್ಬಿಕೊಂಡಿರುವ, ತಗಡಿನ ಸೂರಿನ ಕೆಳಗೆ ಒಂದೆರಡು ಲೇತುಗಳನ್ನಿಟ್ಟುಕೊಂಡು ಜೀವಿಸುವ ಅಸಂಖ್ಯ ಶೆಡ್ಡುಗಳ ಪ್ರಪಂಚಕ್ಕೆ ಅದು ಸೇರಿದ್ದು. ಈ ಪ್ರಪಂಚಕ್ಕೆ ಬುನಾದಿ ಬಿದ್ದದ್ದು 1949ರಲ್ಲಿ ರಾಜಾಜಿನಗರವು ಕೈಗಾರಿಕೆಗಳ ಉಪನಗರವಾಗಿ ತಲೆಯೆತ್ತಿದಾಗಲೆಂದು ಹೇಳಬಹುದು. ದೊಡ್ಡ ಕಾರ್ಖಾನೆಗಳು ಬಂದವು; ಅವುಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಬಂದವು; ಆ ಸಣ್ಣವುಗಳಲ್ಲಿ ಕೆಲಸ ಕಲಿತು, ಹಗಲು ಯಜಮಾನನ ಲೇತಿನ ಮುಂದೆ ನಿಂತು ರಾತ್ರಿ ಸ್ವಂತದ್ದೊಂದರ ಕನಸು ಕಂಡವರು ಬಾಡಿಗೆ ಅಗ್ಗವಾಗಿದ್ದ ಹಳ್ಳಿಗಳ ಅಂಚಿಗೆ ಸರಿದರು. ಹಾಗೆ ಸರಿದವರ ದಾರಿಯಲ್ಲಿದ್ದ ಹಳ್ಳಿಗಳಲ್ಲೊಂದು ಮಾರೇನಹಳ್ಳಿ.

ಒಂದೇ ಒಂದು ಲಾರಿಯನ್ನು ಹೊಂದಿ, ಅದರ ಕಂತನ್ನು ಕಟ್ಟುತ್ತ, ತಾನೇ ಅದನ್ನು ಓಡಿಸುತ್ತ ಸಂಸಾರ ನಡೆಸುವವನ ದೃಷ್ಟಿಯಿಂದ ಈ ಕಸುಬನ್ನು ನೋಡಬೇಕು. ಎಂಜಿನು ಎಣ್ಣೆ ಕುಡಿಯತೊಡಗಿದೆ. ಆಯಿಲ್ ಹಾಕುವ ಮುಚ್ಚಳವನ್ನು ತೆರೆದರೆ ಹೊಗೆ ಬುಸುಗುಟ್ಟುತ್ತಿದೆ. ಶಿರಾಡಿ ಘಾಟಿಯ ಏರಿನಲ್ಲಿ ಹಿಂದಿನ ಲಾರಿಗಳೆಲ್ಲ ಹಾರನ್ನು ಬಾರಿಸುತ್ತ ದಾಟಿಹೋಗುತ್ತಿವೆ. ಆತ ಶೆಡ್ಡಿನ ಮುಂದೆ ಗಾಡಿಯನ್ನು ನಿಲ್ಲಿಸಿ "ಮೇಸ್ತ್ರಿ, ಗಾಡಿ ಎಳೀತಾ ಇಲ್ಲ" ಎನ್ನುತ್ತಾನೆ. ಮೇಸ್ತ್ರಿಯು ಕೇಳಿ, ನೋಡಿ, ಮೂಸಿ, "ಬೋರಿಗೆ ಬಂದಿದೆ ಅಣ್ಣ, ಇಳಿಸಬೇಕು" ಎನ್ನುತ್ತಾನೆ. ಸಿಲಿಂಡರು ಸವೆದಿದೆ, ಮತ್ತೆ ಕೊರೆಯಬೇಕೆಂದು ಅರ್ಥ. ಅಶ್ವಶಕ್ತಿಯೆಂಬ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಬೇಕಾದದ್ದು ಎಳೆತ, ಹಿಂದೆ ಇದ್ದಷ್ಟು, ಸಾಧ್ಯವಾದರೆ ಇನ್ನೂ ತುಸು ಹೆಚ್ಚು. ಹೊಸ ಎಂಜಿನನ್ನು ಕೊಳ್ಳುವ ಪ್ರಸ್ತಾಪ ಬರುವುದೇ ಇಲ್ಲ. ಈ ಸಂಭಾಷಣೆಯು ಸುಮಾರು ಎಪ್ಪತ್ತು ವರ್ಷಗಳಿಂದ ಅಕ್ಷರಶಃ ಹೀಗೆಯೇ ನಡೆಯುತ್ತ ಬಂದಿದೆಯೆಂದು ನಂಬಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ಆದರೆ ಅದರ ಬೆನ್ನಿಗಿರುವ ಅರ್ಥಶಾಸ್ತ್ರದಲ್ಲಿ ಒಂದು ಗುಟ್ಟುಂಟು. ಎಂಜಿನಿನ ಬಹುಪಾಲು ಅಂಗಗಳನ್ನು ಅಗ್ಗವಾಗಿ ದೊರಕಿಸಬಹುದು, ದುರಸ್ತಿಮಾಡಬಹುದು, ಗುಜರಿಯಿಂದ ಹೆಕ್ಕಬಹುದು. ಒಂದನ್ನು ಮಾತ್ರ ಹಾಗೆ ಮಾಡಲಾಗದು. ಆ ಒಂದು ಅಂಗವು ತೈಲವನ್ನು ಅಳೆದು ಒತ್ತುವ ಪಂಪು. ಅಲ್ಪವ್ಯಯದಲ್ಲಿ ಅಧಿಕಬಲವನ್ನು ಸಾಧಿಸಿದ ಈ ಕಸುಬಿನ ಇತಿಹಾಸವೆಂದರೆ, ಆ ಪಂಪನ್ನು ಯಾರು ಮುಟ್ಟಬಹುದು, ಯಾರು ಮುಟ್ಟಕೂಡದು ಎಂಬ ವ್ಯಾಜ್ಯದ ಇತಿಹಾಸವೇ ಎಂದು ನನಗೆ ತೋರುತ್ತದೆ.

ಮೊದಲಿಗೆ ಡೀಸೆಲ್ಲೇ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆಯನ್ನು ಕಟ್ಟಿಕೊಂಡು, ಅದರ ಅನಿಲದಿಂದ ಏದುಸಿರು ಬಿಡುತ್ತ ಓಡಾಡಿದ್ದನ್ನು ಹಿರಿಯರು ಬಣ್ಣಿಸುತ್ತಿದ್ದರು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳುವುದು ಟಿಕೀಟಿನ ಷರತ್ತಿನಲ್ಲಿ ಸೇರಿತ್ತೋ ಏನೋ. ಯುದ್ಧವು ಮುಗಿಯುತ್ತಲೇ ಸೇನೆಗೆ ಬೇಡವಾದ ಷೆವರ್ಲೆ, ಫೋರ್ಡು, ಡಾಡ್ಜ್ ಲಾರಿಗಳನ್ನು ಸರಕಾರದ ಡಿಸ್ಪೋಸಲ್ಸ್ ಇಲಾಖೆಯು ಹರಾಜಿಗಿಟ್ಟಿತು. ದೊಡ್ಡ ದಂಡಿನ ಪ್ರದೇಶವಾಗಿದ್ದ ಬೆಂಗಳೂರಿನಲ್ಲಿ ಇಂತಹ ವಾಹನಗಳಿಗೆ ಕೊರತೆಯಿರಲಿಲ್ಲ. ಚಾಸಿಸ್ಸು ಗಟ್ಟಿ, ಗೇರು ಗಟ್ಟಿ. ಎಂಜಿನು ಮಾತ್ರ ಪೆಟ್ರೋಲಿನದು, ಹಸಿವೋ ರಾಕ್ಷಸನದು. ಈ ಲಾರಿಗಳ ಪೆಟ್ರೋಲ್ ಎಂಜಿನನ್ನು ಕಿತ್ತು ಆ ಜಾಗದಲ್ಲಿ ಪರ್ಕಿನ್ಸ್ ಪಿ6 ಎಂಬ ಆರು ಸಿಲಿಂಡರಿನ ಡೀಸೆಲ್ ಎಂಜಿನನ್ನು ಕೂರಿಸುವ ಪದ್ಧತಿಯು ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ರೂಢಿಗೆ ಬಂದಿತು. 1937ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಎಂಜಿನು ಗಾತ್ರದಲ್ಲಿ 4.7 ಲೀಟರು, ಬಲದಲ್ಲಿ 83 ಅಶ್ವಶಕ್ತಿ. ಮದರಾಸಿನ ಸಿಂಪ್ಸನ್ ಕಂಪನಿಯವರು 1950ರ ದಶಕದಲ್ಲಿ ಅದನ್ನು ಇಲ್ಲಿಯೇ ಸಿದ್ಧಪಡಿಸತೊಡಗಿದರು. ಒಂದು ದೇಶದ ಚಾಸಿಸ್ಸಿಗೆ ಇನ್ನೊಂದು ದೇಶದ ಎಂಜಿನನ್ನು ಹೊಂದಿಸಬೇಕಾದರೆ ತಳಹಾಸು, ಕ್ಲಚ್ಚಿನ ಮನೆ, ರೇಡಿಯೇಟರಿನ ನಳಿಕೆ ಎಲ್ಲವನ್ನೂ ಕೈಯಲ್ಲಿ ಅಳೆದು ಲೇತಿನಲ್ಲಿ ಕಡೆದು ಮಾಡಬೇಕಾಗುತ್ತಿತ್ತು. ನಮ್ಮ ಮೇಸ್ತ್ರಿಗಳಿಗೆ ಮೊದಲ ಪಾಠಶಾಲೆ ಇದೇ ಎಂದು ನನ್ನ ಊಹೆ. ಯಾವ ಪುಸ್ತಕದಲ್ಲಿಯೂ ನಕ್ಷೆಯಿಲ್ಲದ ಜೋಡಣೆಯನ್ನು ಒಮ್ಮೆ ಮಾಡಿದವನಿಗೆ ಮುಂದೆ ಯಾವ ಎಂಜಿನೂ ಪರಕೀಯವಲ್ಲ.

ಇಲ್ಲೊಂದು ಉಪಕಥೆಯನ್ನು ಹೇಳದೆ ಮುಂದುವರಿಯಲಾರೆ. ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ವಾಹನಗಳ ಕಾರ್ಖಾನೆಯೊಂದನ್ನು ಭಾರತದಲ್ಲಿ ಸ್ಥಾಪಿಸಬೇಕೆಂದು ಪಣತೊಟ್ಟು, ಯೂರೋಪು ಅಮೆರಿಕಗಳನ್ನು ಸುತ್ತಿಬಂದು ಯೋಜನೆಯನ್ನು ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದ್ದರು. ಮೈಸೂರು ಸರಕಾರವೂ ಒಲವು ತೋರಿತ್ತು. ಬ್ರಿಟಿಷ್ ಪ್ರಭುತ್ವವು ಒಪ್ಪಲಿಲ್ಲ. ವಾಲ್‌ಚಂದರ ಮೋಟಾರು ಕಾರ್ಖಾನೆಯು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಆರಂಭವಾಯಿತು. ಬೆಂಗಳೂರಿಗೆ ದಕ್ಕಿದ್ದು 1940ರ ವಿಮಾನ ಕಾರ್ಖಾನೆ. ಹೀಗೆ ಮೋಟಾರು ವಾಹನವನ್ನು ಪೂರ್ತಿಯಾಗಿ ಮಾಡುವ ಭಾಗ್ಯವು ತಪ್ಪಿಹೋದ ನಗರಕ್ಕೆ, 1951ರಲ್ಲಿ, ಆ ವಾಹನದ ಅತ್ಯಂತ ಸೂಕ್ಷ್ಮವಾದ ಅಂಗವನ್ನು ಮಾಡುವ ಭಾಗ್ಯವು ಒದಗಿತು. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಸ್ಥಾಪಿತವಾಗಿ ಆಡುಗೋಡಿಯಲ್ಲಿ ನೆಲೆಯೂರಿತು. ಬೆಂಗಳೂರಿಗರು ಅದನ್ನು ಮೈಕೋ ಎಂದರು. 2008ರಲ್ಲಿ ಕಂಪನಿಯು ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಊರಿನವರ ಬಾಯಲ್ಲಿ ಅದು ಇಂದಿಗೂ ಮೈಕೋವೇ.

ಪಂಪಿನ ಮಹಿಮೆಯನ್ನು ಅರಿಯಬೇಕಾದರೆ ಡೀಸೆಲ್ ಎಂಜಿನಿನ ಸ್ವಭಾವವನ್ನು ಅರಿಯಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಾಧಿಸಿ ತೋರಿಸಿದ ತತ್ತ್ವವು ಸರಳವಾದದ್ದು: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ತೈಲವನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಉರಿಯುತ್ತದೆ. ತತ್ತ್ವವು ಸರಳ, ಚಿಮ್ಮಿಸುವುದು ಕಠಿನ. ಡೀಸೆಲನ ಕಾಲದಲ್ಲಿ ತೈಲವನ್ನು ಒಳನುಗ್ಗಿಸಲು ಬೇರೆಯೇ ಒಂದು ಗಾಳಿಯಂತ್ರವು ಬೇಕಾಗಿದ್ದುದರಿಂದ ಅವನ ಎಂಜಿನು ಕಟ್ಟಡದೊಳಗೆ ನಿಲ್ಲಬಲ್ಲುದಾಗಿತ್ತೇ ಹೊರತು ರಸ್ತೆಯ ಮೇಲೆ ಓಡಬಲ್ಲುದಾಗಿರಲಿಲ್ಲ. 1924ರ ಹೊತ್ತಿಗೆ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಕಾಣಿಸಿಕೊಂಡವು. 1927ರಲ್ಲಿ ರಾಬರ್ಟ್ ಬಾಷನ ಕಾರ್ಖಾನೆಯಿಂದ ಅಂಗೈಯಗಲದ ಪಂಪುಗಳು ಸಾಲುಸಾಲಾಗಿ ಹೊರಬಿದ್ದ ಮೇಲೆ ಲಾರಿಯೆಂದರೆ ಡೀಸೆಲ್ ಎಂಬುದು ನಿಶ್ಚಯವಾಯಿತು. ಎಂಜಿನು ಕಂಡವನ ಹೆಸರಿನದು, ಅದನ್ನು ರಸ್ತೆಗೆ ತಂದವನು ಬೇರೊಬ್ಬನು.

ನಮ್ಮ ರಸ್ತೆಗೆ ಅದನ್ನು ತಂದವರು ಮುಖ್ಯವಾಗಿ ಟಾಟಾದವರು. 1945ರಲ್ಲಿ ರೈಲ್ವೆ ಎಂಜಿನುಗಳಿಗೆಂದು ಆರಂಭವಾದ ಟೆಲ್ಕೋ ಕಂಪನಿಯು 1954ರಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಹದಿನೈದು ವರ್ಷಗಳ ಒಪ್ಪಂದವನ್ನು ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. 1969ರಲ್ಲಿ ಒಪ್ಪಂದವು ಮುಗಿದು ಮೂತಿಯ ಮೇಲಣ ಮೂರು ಮೊನೆಯ ನಕ್ಷತ್ರವು ಮರೆಯಾದರೂ ಜನರ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಬಹುಕಾಲ ಉಳಿಯಿತು. ಜರ್ಮನ್ ಮೂಲದ ಎಂಜಿನು 90 ಮಿಲಿಮೀಟರು ವ್ಯಾಸದ ಆರು ಸಿಲಿಂಡರುಗಳದು, 4.58 ಲೀಟರಿನದು, 1949ರಲ್ಲಿ ಅಲ್ಲಿ ಮೊದಲು ಬಂದಾಗ 90 ಅಶ್ವಶಕ್ತಿಯದು. ಇಲ್ಲಿ ಅದು 92 ಮಿಲಿಮೀಟರಿಗೆ ಬೆಳೆದು 692 ಎನಿಸಿತು. ಮುಂದೆ 97 ಮಿಲಿಮೀಟರಿಗೆ ಬೆಳೆದು, ಪಿಸ್ಟನ್ನಿನ ಓಟವು 120ರಿಂದ 128ಕ್ಕೆ ಏರಿ, 697 ಎನಿಸಿತು. ಹೆಸರಿನಲ್ಲಿಯೇ ಲೆಕ್ಕವಿದೆ: ಮೊದಲ ಅಂಕಿ ಸಿಲಿಂಡರುಗಳ ಸಂಖ್ಯೆ, ಮಿಕ್ಕೆರಡು ವ್ಯಾಸ. ಶೆಡ್ಡಿನ ಹುಡುಗನಿಗೂ ಬಾಯಿಪಾಠವಾಗಿದ್ದ ಈ ಅಂಕಿಗಳಲ್ಲಿ ಅಗ್ಗದ ಬಲದ ಮೊದಲ ಸೂತ್ರವು ಅಡಗಿತ್ತು. 692ರ ಹೊಟ್ಟೆಯು 4.79 ಲೀಟರು, 697ರದು 5.68. ಒಂದೇ ವಂಶದವುಗಳಾದುದರಿಂದ, ಹಳೆಯ ಲಾರಿಯ ದಣಿದ 692ನ್ನು ಮತ್ತೆ ಬೋರ್ ಮಾಡಿಸುವುದಕ್ಕಿಂತ, ಅಪಘಾತದಲ್ಲಿ ಮೂತಿಯೊಡೆದು ಗುಜರಿಗೆ ಬಂದ ಲಾರಿಯಿಂದ 697ರ ಹಾಫ್ ಎಂಜಿನನ್ನು, ಎಂದರೆ ಹೆಡ್ಡಿಲ್ಲದ ಕೆಳಭಾಗವನ್ನು, ತಂದು ಕೂರಿಸಿದರೆ, ಶೇಕಡ 19ರಷ್ಟು ಹೆಚ್ಚು ಗಾಳಿಯನ್ನು ನುಂಗುವ ಎಂಜಿನು ಕೈಗೆ ಬರುತ್ತದೆ. ಗಾಳಿಯಿದ್ದಷ್ಟು ತೈಲವನ್ನು ಉರಿಸಬಹುದು. ತೈಲವು ಉರಿದಷ್ಟು ಎಳೆತ.

ಗುಜರಿಗೆ ಏಕೆ ಹೋಗಬೇಕಾಯಿತೆಂದರೆ ಅಂಗಡಿಯಲ್ಲಿ ಹೊಸತು ಸಿಕ್ಕುತ್ತಿರಲಿಲ್ಲ. 1953ರ ಟ್ಯಾರಿಫ್ ಕಮಿಷನ್ನಿನ ಶಿಫಾರಸಿನಂತೆ, ಇಲ್ಲಿ ತಯಾರಿಸುವ ಸಂಕಲ್ಪವಿಲ್ಲದ ವಿದೇಶಿ ಕಂಪನಿಗಳು ದೇಶವನ್ನು ಬಿಟ್ಟವು. ಉಳಿದ ಮೂರು ನಾಲ್ಕು ತಯಾರಕರಿಗೆ ಲೈಸೆನ್ಸು ಎಷ್ಟೋ ಅಷ್ಟೇ ಉತ್ಪಾದನೆ. ಲಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಹಳೆಯ ಲಾರಿಯು ಮುದಿಯಾಗುವ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದಲ್ಲಿ ಗುಜರಿ, ಕಲಾಸಿಪಾಳ್ಯದಲ್ಲಿ ಲಾರಿಗಳ ತಂಗುದಾಣ: ಈ ಮೂರರ ಸಾಮಗ್ರಿಯೂ ಸುದ್ದಿಯೂ ಪಶ್ಚಿಮದ ಶೆಡ್ಡುಗಳಿಗೆ ಹರಿದುಬರುತ್ತಿತ್ತು. ಕ್ರ್ಯಾಂಕು ಒಂದು ಲಾರಿಯದು, ಬ್ಲಾಕು ಇನ್ನೊಂದರದು, ಹೆಡ್ಡು ಮತ್ತೊಂದರದು. ಉತ್ತರ ಸೀಮೆಯ ಅಜ್ಜಿಯರು ಹಳೆಯ ಸೀರೆಗಳ ಗಟ್ಟಿ ತುಂಡುಗಳನ್ನು ಮಾತ್ರ ಆರಿಸಿ ಕೌದಿ ಹೊಲಿಯುವಂತೆ ಎಂಜಿನು ಕಟ್ಟಲ್ಪಡುತ್ತಿತ್ತು. ಕಡೆಯುವ ಲೇತುಗಳೂ ನಮ್ಮ ನಾಡಿನವೇ: 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರಿನವು, ಇಲ್ಲವೆ 1953ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಎಚ್‌.ಎಂ.ಟಿ.ಯವು. ಹರಿಹರದ ಆ ಕಾರ್ಖಾನೆಯು ಮುಚ್ಚಿಹೋಗಿ ವರ್ಷಗಳಾದುವು. ಅದರ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ.

ಕಟ್ಟುವ ಕ್ರಮವನ್ನು ತುಸು ವಿಸ್ತಾರವಾಗಿ ಹೇಳುವುದು ಅಗತ್ಯ. ಹೊರಗಿನವರು ಇದನ್ನು ಬರಿಯ ಬಿಚ್ಚಿ ಜೋಡಿಸುವ ಕೆಲಸವೆಂದು ತಿಳಿಯುತ್ತಾರೆ. ಚೈನ್ ಪುಲ್ಲಿಯಿಂದ ಎಂಜಿನನ್ನು ಇಳಿಸಿ, ಬಿಚ್ಚಿ, ಕಾಸ್ಟಿಕ್ ಸೋಡದ ಕುದಿನೀರಿನಲ್ಲಿ ಬ್ಲಾಕನ್ನು ತೊಳೆದ ಮೇಲೆ ಮೊದಲನೆಯ ಪ್ರಶ್ನೆ, ಎಷ್ಟು ಸವೆದಿದೆ? ಸಿಲಿಂಡರಿನ ಮೇಲ್ತುದಿಯಲ್ಲಿ, ಮೊದಲ ರಿಂಗು ಹಿಂತಿರುಗುವ ಎಡೆಯಲ್ಲಿ ಸವೆತವು ಹೆಚ್ಚು. ಅಲ್ಲಿ ಬೆರಳಿಗೆ ಒಂದು ಅಂಚು ಸಿಕ್ಕಿದರೆ ಬೋರಿನ ಡಯಲ್ ಗೇಜು ಬರುವ ಮೊದಲೇ ತೀರ್ಪು ಹೊರಬಿದ್ದಂತೆ. ಲೆಕ್ಕವೆಲ್ಲ ಥೌಗಳಲ್ಲಿ, ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗಗಳಲ್ಲಿ; ಮೆಟ್ರಿಕ್ ಬಂದು ಅರ್ಧ ಶತಮಾನ ಕಳೆದರೂ ಥೌವಿಗೆ ನಿವೃತ್ತಿಯಾಗಿಲ್ಲ. ಹಳೆಯ ಸ್ಲೀವನ್ನು ಹೊರಹಾಕಿ, ಹೊಸತನ್ನು ಒತ್ತಿ ಕೂರಿಸಿ, ಬೋರ್ ಮಾಡಿ, ಹೋನಿಂಗಿನ ಕಲ್ಲಿನಿಂದ ಓರೆಗೆರೆಗಳನ್ನೆಳೆಯುತ್ತಾರೆ. ಆ ಗೆರೆಗಳಲ್ಲಿ ಎಣ್ಣೆಯು ನಿಲ್ಲಬೇಕು, ಇಲ್ಲದಿದ್ದರೆ ರಿಂಗು ಕೂರುವುದಿಲ್ಲ. ಕ್ರ್ಯಾಂಕನ್ನು ಹತ್ತು ಥೌ, ಇಪ್ಪತ್ತು ಥೌ ಎಂದು ಗ್ರೈಂಡಿಂಗ್ ಮಾಡಿ ಅದಕ್ಕೆ ತಕ್ಕ ಬೇರಿಂಗನ್ನು ಹಾಕುವಾಗ ಒಳ್ಳೆಯ ಕೆಲಸಗಾರನು ಯಾರು, ಅವಸರದವನು ಯಾರು ಎಂಬುದು ಬಯಲಾಗುತ್ತದೆ. ಜರ್ನಲ್ಲು ಭುಜವನ್ನು ಸೇರುವ ಮೂಲೆಯಲ್ಲಿ ಕಲ್ಲು ದುಂಡನೆಯ ತಿರುವನ್ನು ಉಳಿಸಬೇಕು. ಚೂಪಾಗಿ ಕತ್ತರಿಸಿದರೆ ನೋಡಲು ಅಚ್ಚುಕಟ್ಟು, ಆದರೆ ತುಂಬಿದ ಲಾರಿಯು ಏರನ್ನು ಹತ್ತುವಾಗ ಕ್ರ್ಯಾಂಕು ಬಿರುಕುಬಿಡುವುದು ಆ ಚೂಪು ಮೂಲೆಯಿಂದಲೇ. ಹೆಚ್ಚು ಬಲವನ್ನು ಬಯಸುವ ಎಂಜಿನಿನಲ್ಲಿ ಈ ಮೂಲೆಗೆ ಕೊಟ್ಟ ಗಮನವು ಹೊಸ ಪಿಸ್ಟನ್ನಿಗಿಂತ ಬೆಲೆಯುಳ್ಳದ್ದು, ಮತ್ತು ಅದಕ್ಕೆ ಕಾಸು ಬೀಳುವುದಿಲ್ಲ.

ಇಷ್ಟೆಲ್ಲ ಆದಮೇಲೆ ಪಂಪಿನ ಸರದಿ. ಆರು ಸಿಲಿಂಡರಿನ ಎಂಜಿನಿಗೆ ಸಾಲುಪಂಪಿನಲ್ಲಿ ಆರು ಜೊತೆ ಪ್ಲಂಜರು ಬ್ಯಾರಲ್ಲುಗಳು; ಒಂದರೊಳಗೊಂದು ಜಾರುವ ಇವುಗಳ ನಡುವಣ ಎಡೆಯು ಎರಡು ಮೂರು ಮೈಕ್ರಾನು ಮಾತ್ರ. ಜೊತೆಯಾಗಿಯೇ ಉಜ್ಜಿ ಹೊಂದಿಸಿದ ಇವುಗಳಲ್ಲಿ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕುವಂತಿಲ್ಲ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ತೋಡುಂಟು. ಪ್ಲಂಜರು ಮೇಲೇರುತ್ತ ತೈಲವನ್ನು ಒತ್ತುತ್ತದೆ, ಆ ತೋಡಿನ ಅಂಚು ಬ್ಯಾರಲ್ಲಿನ ರಂಧ್ರವನ್ನು ತಲಪಿದ ಕೂಡಲೇ ಒತ್ತಡವು ಸೋರಿಹೋಗಿ ಚಿಮ್ಮುವುದು ನಿಲ್ಲುತ್ತದೆ. ಪ್ಲಂಜರನ್ನು ಸ್ವಲ್ಪ ತಿರುಗಿಸಿದರೆ ಓರೆಯ ಅಂಚು ತಡವಾಗಿ ತಲಪಿ ತೈಲವು ಹೆಚ್ಚಾಗುತ್ತದೆ. ಚಾಲಕನ ಪಾದವು ಒತ್ತುವುದು ಕೊನೆಗೆ ಈ ತಿರುವನ್ನೇ. ಎಂಜಿನು ನಿಮಿಷಕ್ಕೆ 2400 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿಗೂ ಸೆಕೆಂಡಿಗೆ 20 ಸಲ, ಒಂದೆರಡು ಹನಿಯಷ್ಟು ತೈಲವನ್ನು, ಆರಕ್ಕೂ ಒಂದೇ ಅಳತೆಯಲ್ಲಿ, 1-5-3-6-2-4 ಎಂಬ ಸರದಿಯನ್ನು ತಪ್ಪದೆ ಹಂಚುವ ಈ ಪೆಟ್ಟಿಗೆಯನ್ನು ನೋಡಿದಾಗ ಮನುಷ್ಯನ ಕೈಗಳ ಬಗೆಗೆ ಗೌರವ ಹುಟ್ಟದಿರದು.

ಪಾದವು ಎಷ್ಟೇ ಒತ್ತಿದರೂ ಇಷ್ಟಕ್ಕಿಂತ ಹೆಚ್ಚು ತೈಲವು ಹೋಗಕೂಡದೆಂದು ತಡೆಯುವ ಒಂದು ಸ್ಕ್ರೂ ಪಂಪಿನಲ್ಲಿದೆ. ಅದನ್ನು ಕಾರ್ಖಾನೆಯಲ್ಲಿ ಹೊಂದಿಸಿ, ತಂತಿಯನ್ನು ಪೋಣಿಸಿ, ತಂತಿಯ ತುದಿಗೆ ಸೀಸದ ಒಂದು ಬಿಲ್ಲೆಯನ್ನು ಒತ್ತಿ ಮೊಹರು ಮಾಡುತ್ತಿದ್ದರು. ಅದನ್ನು ಒಡೆಯುವ ಅಧಿಕಾರವು ತಯಾರಕರು ಒಪ್ಪಿದ ಪಂಪಿನ ಅಂಗಡಿಗಳಿಗೆ ಮಾತ್ರ. ಅಲ್ಲಿ ಬೆಂಚು ಇರುತ್ತಿತ್ತು, ಧೂಳಿಲ್ಲದ ಕೋಣೆಯಿರುತ್ತಿತ್ತು, ಪ್ರತಿಯೊಂದು ಮಾದರಿಗೂ ಇಷ್ಟು ಸುತ್ತಿನಲ್ಲಿ ಇಷ್ಟು ಸೀಸೀ ಎಂಬ ಪಟ್ಟಿಯಿರುತ್ತಿತ್ತು. ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿದರೆ ಆರು ಗಾಜಿನ ಕೊಳವೆಗಳಲ್ಲಿ ತೈಲವು ತುಂಬುತ್ತದೆ; ಆರರ ಮಟ್ಟವೂ ಒಂದೇ ಆಗುವವರೆಗೆ ಹೊಂದಿಸುವುದಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಆಡುಗೋಡಿಯ ಕಾರ್ಖಾನೆಯು ಅದೇ ಊರಿನಲ್ಲಿದ್ದುದರಿಂದ ಬೆಂಗಳೂರಿನ ಕಸುಬುದಾರರಿಗೆ ಒಂದು ಅನುಕೂಲವಿತ್ತು. ಮೈಕೋದಲ್ಲಿ ಅಪ್ರೆಂಟಿಸ್ ಆಗಿ ಕಲಿತವರು, ಅಲ್ಲಿ ದುಡಿದು ಹೊರಬಂದವರು ಈ ನಗರದಲ್ಲಿ ಬೇಕಾದಷ್ಟು ಮಂದಿ. ಪಂಪಿನ ವಿದ್ಯೆಯು ಇಲ್ಲಿ ಬೇರೆಡೆಗಳಿಗಿಂತ ಬೇಗ ಬೀದಿಗಿಳಿಯಿತು.

ಆದರೆ ಲಾರಿಯವನಿಗೆ ಪಟ್ಟಿಯಲ್ಲಿರುವ ಸೀಸೀ ಸಾಲದು. "ಸ್ವಲ್ಪ ಜಾಸ್ತಿ ಕೊಡಿ ಉಸ್ತಾದ್, ಲೋಡ್ ಎಳೀಬೇಕು." ಇಲ್ಲಿಂದಲೇ ವ್ಯಾಜ್ಯವು ಆರಂಭವಾಗುತ್ತದೆ. ಮೊಹರನ್ನು ಒಡೆದು ಸ್ಕ್ರೂವನ್ನು ಅರ್ಧ ಸುತ್ತು ಬಿಡುವುದಕ್ಕೆ ಬೇಕಾದದ್ದು ಒಂದು ಸ್ಪಾನರು, ಒಂದು ನಿಮಿಷ. ಅಶ್ವಶಕ್ತಿಯನ್ನು ಇದಕ್ಕಿಂತ ಅಗ್ಗವಾಗಿ ಜಗತ್ತಿನಲ್ಲಿ ಯಾರೂ ಕೊಂಡಿಲ್ಲ. ಅದರ ಸಾಲವನ್ನು ತೀರಿಸುವುದು ಮುಂದಿನ ಮಾತು. ಗಾಳಿಯು ಅಷ್ಟೇ ಇದ್ದು ತೈಲವು ಹೆಚ್ಚಾದಾಗ ಉರಿಯದೆ ಉಳಿದದ್ದು ಕಪ್ಪು ಹೊಗೆಯಾಗುತ್ತದೆ. ಉರಿದದ್ದು ತಡವಾಗಿ ಉರಿದು ಪಿಸ್ಟನ್ನಿನ ನೆತ್ತಿಯನ್ನು ಕರಗಿಸುತ್ತದೆ. ತೈಲವು ಸಿಲಿಂಡರಿನ ಗೋಡೆಯನ್ನು ತೊಳೆದು ಎಣ್ಣೆಯನ್ನು ಕೆಡಿಸುತ್ತದೆ. ಮೊಹರೊಡೆಯುವವರೆಲ್ಲ ಮೂಢರೆಂದು ಕಾರ್ಖಾನೆಯವರು ಹೇಳುತ್ತಿದ್ದರು. ನನಗೆ ಅದು ಪೂರ್ತಿ ಸರಿಯೆನಿಸುವುದಿಲ್ಲ. ಬೆಂಚಿಲ್ಲದ ಅನುಭವಸ್ಥ ಮೇಸ್ತ್ರಿಯೂ ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದನು. ಅದು ಹೊಗೆಯ ಬಣ್ಣ. ಪೂರ್ತಿ ಹೊರೆಯಲ್ಲಿ ಏರನ್ನು ಹತ್ತಿಸಿ, ಸೈಲೆನ್ಸರಿನ ಬಾಯಲ್ಲಿ ತೆಳುವಾದ ಮಬ್ಬು ಕಾಣಿಸುವವರೆಗೆ ಬಿಟ್ಟು, ಕಪ್ಪಾಗುವ ಮೊದಲು ಹಿಂತೆಗೆಯುತ್ತಿದ್ದನು. ಕಪ್ಪು ತೈಲದ್ದು, ನೀಲಿ ಎಣ್ಣೆಯದು, ಬಿಳಿ ಉರಿಯದೆ ಬಂದ ಆವಿಯದು ಅಥವಾ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿ ಸೇರಿದ ನೀರಿನದು. ದೊಡ್ಡ ಬ್ಲಾಕನ್ನು ಹಾಕಿ ಗಾಳಿಯನ್ನು ಹೆಚ್ಚಿಸಿದವನು ಪಂಪನ್ನು ಅದಕ್ಕೆ ತಕ್ಕಂತೆ ಏರಿಸುವುದು ನ್ಯಾಯ. ದಣಿದ ಎಂಜಿನಿಗೆ ತೈಲವನ್ನು ಮಾತ್ರ ಸುರಿಯುವುದು ಅನ್ಯಾಯ. ಮೊಹರು ಎರಡನ್ನೂ ಸಮಾನವಾಗಿ ನಿಷೇಧಿಸಿತು. ಹಾಗಾಗಿ ಇಬ್ಬರೂ ಸಮಾನವಾಗಿ ಅದನ್ನು ಒಡೆದರು.

ಟರ್ಬೊ ಬಂದ ಮೇಲೆ ಗಾಳಿಯ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರವೊಂದನ್ನು ತಿರುಗಿಸಿ ಒಳಬರುವ ಗಾಳಿಯನ್ನು ಒತ್ತುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಚಿಯು 1905ರಲ್ಲಿಯೇ ಪೇಟೆಂಟು ಪಡೆದಿದ್ದನು. ನಮ್ಮ ಲಾರಿಗಳಿಗೆ ಅದು ಸಾಮಾನ್ಯವಾದದ್ದು ಆ ಶತಮಾನದ ಕೊನೆಯ ದಶಕದಲ್ಲಿ. ಗುಜರಿಯ ಟರ್ಬೊವನ್ನು ತಂದು ಹಳೆಯ ಎಂಜಿನಿಗೆ ಬೆಸೆಯುವ ಸಾಹಸಗಳು ನಡೆದವು. ಅವುಗಳಲ್ಲಿ ಬಹಳವು ಬಾಳಲಿಲ್ಲ. ಟರ್ಬೊಗೆಂದೇ ರೂಪಿಸಿದ ಎಂಜಿನುಗಳಲ್ಲಿ ಪಿಸ್ಟನ್ನಿನ ತಳಕ್ಕೆ ಎಣ್ಣೆಯನ್ನು ಚಿಮ್ಮಿಸಿ ತಣಿಸುವ ಏರ್ಪಾಡು ಸಾಮಾನ್ಯವಾಗಿರುತ್ತದೆ, ಹೆಡ್ಡಿನ ಬೋಲ್ಟುಗಳೂ ಹೆಚ್ಚು ಬಲದವು. ಹಳೆಯದರಲ್ಲಿ ಇವೆರಡೂ ಇಲ್ಲ. ಬುದ್ಧಿವಂತರು ಟರ್ಬೊವನ್ನು ಬಿಡಿಯಾಗಿ ತರದೆ ಟರ್ಬೊ ಸಹಿತವಾದ ಪೂರ್ತಿ ಎಂಜಿನನ್ನೇ ಗುಜರಿಯಿಂದ ಇಳಿಸಿಕೊಂಡರು.

ಇದೇ ಕಾಲದಲ್ಲಿ, 1993ರಲ್ಲಿ, ಟಾಟಾ ಮತ್ತು ಕಮಿನ್ಸ್ ಸಂಸ್ಥೆಗಳು ಜಂಟಿಯಾಗಿ ಕಂಪನಿಯನ್ನು ಕಟ್ಟಿದವು. ಜಮ್‌ಷೆಡ್‌ಪುರದ ಅದರ ಕಾರ್ಖಾನೆಯ 5.9 ಲೀಟರಿನ ಎಂಜಿನು ನಮ್ಮ ಲಾರಿಗಳಿಗೆ ಬಂದಿತು. ಅಮೆರಿಕದಲ್ಲಿ 1989ರಿಂದ ಡಾಡ್ಜ್ ಪಿಕಪ್ಪುಗಳಲ್ಲಿ 160 ಅಶ್ವಶಕ್ತಿಯೊಡನೆ ಬಂದದ್ದೂ ಈ ಎಂಜಿನೇ. ಅಲ್ಲಿನ ಉತ್ಸಾಹಿಗಳು ಅದನ್ನು ಕಡಮೆ ಖರ್ಚಿನಲ್ಲಿ ಅದರ ಹುಟ್ಟುಬಲದ ಹಲವು ಪಟ್ಟಿಗೆ ಏರಿಸುವುದನ್ನೇ ಒಂದು ವ್ರತವಾಗಿಸಿಕೊಂಡಿದ್ದಾರೆ. ಅವರು ಹಳೆಯ ಗಾಡಿಗಳಲ್ಲಿ ಹುಡುಕಿ ಹುಡುಕಿ ಕೊಳ್ಳುವ ವಸ್ತು ಯಾವುದೆಂದರೆ, 1994ರಿಂದ 1998ರವರೆಗೆ ಆ ಪಿಕಪ್ಪುಗಳಿಗೆ ಹಾಕಿದ ಬಾಷ್ ಸಾಲುಪಂಪು! ಅದರ ತರುವಾಯ ಬಂದ ವಿದ್ಯುನ್ಮಾನ ಪಂಪನ್ನು ಕಿತ್ತು ಹಿಂದಿನದನ್ನು ಕೂರಿಸುವವರೂ ಉಂಟು. ಸಾಗರದಾಚೆಯ ಆ ಶ್ರೀಮಂತ ಹವ್ಯಾಸಿಗೂ ಮಾಗಡಿ ರಸ್ತೆಯ ಸಾಲಗಾರ ಚಾಲಕನಿಗೂ ಸಾಮ್ಯವೇನೂ ಇಲ್ಲವೆನ್ನಬಹುದು. ಅವನು ಭಾನುವಾರದ ಪಂದ್ಯಕ್ಕೆ ಬಲವನ್ನು ಬಯಸುತ್ತಾನೆ, ಇವನು ಹದಿನಾರು ಟನ್ನನ್ನು ಘಾಟಿ ಹತ್ತಿಸಬೇಕು. ಆದರೂ ಇಬ್ಬರೂ ತಲಪಿದ್ದು ಒಂದೇ ಸ್ಕ್ರೂವಿನ ಬಳಿಗೆ.

ಕಾನೂನಿನ ಮಾತನ್ನು ಬೇಗನೆ ಮುಗಿಸುತ್ತೇನೆ, ಏಕೆಂದರೆ ಶೆಡ್ಡುಗಳಲ್ಲಿಯೂ ಅದನ್ನು ಬೇಗನೆ ಮುಗಿಸುತ್ತಾರೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಆರ್.ಸಿ. ಪುಸ್ತಕದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಎಂಜಿನನ್ನು ಬದಲಿಸಿದರೆ ಸಾರಿಗೆ ಕಚೇರಿಯ ಅನುಮತಿ ಬೇಕು, ಹೊಸ ಎಂಜಿನಿನ ಸಂಖ್ಯೆಯು ಪುಸ್ತಕಕ್ಕೇರಬೇಕು. 1989ರ ಕೇಂದ್ರ ನಿಯಮಗಳು ಹೊಗೆಯ ಸಾಂದ್ರತೆಗೆ 65 ಹಾರ್ಟ್‌ರಿಜ್ ಮಾನದ ಮಿತಿಯನ್ನು ವಿಧಿಸಿದವು. ತಪಾಸಣೆಗೆ ಹೋಗುವ ಹಿಂದಿನ ದಿನ ಪಂಪಿನ ಸ್ಕ್ರೂವನ್ನು ಬಿಗಿದು, ಮರುದಿನ ಸಡಲಿಸುವ ಕ್ರಮವೂ ರೂಢಿಗೆ ಬಂದಿತೆಂದು ಕೇಳಿದ್ದೇನೆ.

ಈ ಕಸುಬಿಗೆ ನಿಜವಾದ ತಡೆಯೊಡ್ಡಿದ್ದು ಕಾಯಿದೆಯ ಯಾವ ಪ್ರಕರಣವೂ ಅಲ್ಲ, ಭಾರತ್ ಸ್ಟೇಜ್ ಎಂಬ ಹೊಗೆಯ ಮಾನದಂಡಗಳು. 2005ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಿಗೆ ಮೂರನೆಯದು, 2010ರಲ್ಲಿ ನಾಲ್ಕನೆಯದು, 2017ರಲ್ಲಿ ಆ ನಾಲ್ಕನೆಯದೇ ದೇಶಕ್ಕೆಲ್ಲ, 2020ರ ಏಪ್ರಿಲಿನಲ್ಲಿ ನೇರವಾಗಿ ಆರನೆಯದು. ಒಂದೊಂದು ಮೆಟ್ಟಿಲಿಗೂ ತೈಲದ ಅಳತೆಯು ಪ್ಲಂಜರಿನ ಓರೆತೋಡಿನಿಂದ ದೂರ ಸರಿಯುತ್ತ ಹೋಗಿ, ಕೊನೆಗೆ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಒಂದು ಕೊಳವೆಯಲ್ಲಿ ಅಧಿಕ ಒತ್ತಡದ ತೈಲವನ್ನು ತುಂಬಿಟ್ಟು, ವಿದ್ಯುತ್ತಿನ ಆಜ್ಞೆಯಂತೆ ಇಂಜೆಕ್ಟರುಗಳು ತೆರೆದು ಮುಚ್ಚುವ ಕಾಮನ್ ರೈಲ್ ವ್ಯವಸ್ಥೆಯು ನೆಲೆಗೊಂಡಿತು. ಅಲ್ಲಿ ಸ್ಕ್ರೂ ಇಲ್ಲ, ಸೀಸದ ಬಿಲ್ಲೆಯಿಲ್ಲ; ಮಿತಿಯು ಒಂದು ಮುಚ್ಚಿದ ಡಬ್ಬಿಯೊಳಗೆ ಅಂಕಿಗಳಾಗಿ ಕುಳಿತಿದೆ. ಲ್ಯಾಪ್‌ಟಾಪನ್ನು ತಂದು ಆ ಅಂಕಿಗಳನ್ನು ತಿದ್ದುವ ಯುವಕರೂ ಹುಟ್ಟಿಕೊಂಡಿದ್ದಾರೆನ್ನಿ. ಅವರಿಗೆ ಬ್ಲಾಕಿನ ಸವೆತವನ್ನು ಬೆರಳಿನಿಂದ ಅರಿಯುವ ವಿದ್ಯೆಯು ಬೇಕಾಗಿಲ್ಲ, ಮೇಸ್ತ್ರಿಗೆ ಅವರ ವಿದ್ಯೆಯು ತಿಳಿಯದು. ಬಲವನ್ನು ಕಟ್ಟುವವನೂ ಬಲವನ್ನು ಬಿಡುವವನೂ ಒಬ್ಬನೇ ಆಗಿದ್ದ ಕಾಲವು ಲಾರಿಗಳ ಮಟ್ಟಿಗೆ ಹೀಗೆ ಮುಗಿದಂತಾಯಿತು. ಆಡುಗೋಡಿಯ ಕಾರ್ಖಾನೆಯ ತಯಾರಿಕೆಯೂ ಮೈಸೂರು ರಸ್ತೆಯ ಬಿಡದಿಗೆ ಸಾಗಿತು.

ಹಳೆಯ ಎಂಜಿನುಗಳು ರಸ್ತೆಯಿಂದ ಇಳಿದರೂ ಕೆಲಸದಿಂದ ಇಳಿಯಲಿಲ್ಲ. ಜಲ್ಲಿ ಕ್ರಷರುಗಳಲ್ಲಿ, ಕೊಳವೆಬಾವಿಯ ಕಂಪ್ರೆಸರುಗಳಲ್ಲಿ, ಮದುವೆ ಮಂಟಪಗಳ ಹಿಂಭಾಗದ ಜನರೇಟರುಗಳಲ್ಲಿ ಅವು ತಿರುಗುತ್ತಿವೆ, ಬೋರಿಗೆ ಬರುತ್ತಿವೆ. ಟ್ರ್ಯಾಕ್ಟರಿನವರದು ಬೇರೆಯೇ ಲೆಕ್ಕ: 2023ರ ಜನವರಿಯಿಂದ ಜಾರಿಗೆ ಬಂದ ಕಠಿನವಾದ ಮಾನದಂಡವು 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಮಾತ್ರ ಅನ್ವಯಿಸುವುದರಿಂದ, ನಮ್ಮ ರೈತರಲ್ಲಿ ಬಹುಮಂದಿ ಇಟ್ಟುಕೊಂಡಿರುವ ಅದಕ್ಕಿಂತ ಸಣ್ಣವು ಇನ್ನೂ ಹಳೆಯ ಬಗೆಯ ಯಾಂತ್ರಿಕ ಪಂಪನ್ನೇ ಹೊತ್ತು ಹೊರಬೀಳುತ್ತಿವೆ. ರಾಗಿಯ ಹೊಲವು ಉಳುಮೆಗೆ ಬರುವ ಮೊದಲು ಮಾಗಡಿ, ಕುಣಿಗಲ್ ಕಡೆಯವರು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರುವ ಇಂತಹ ಪಂಪುಗಳಿಗೆ ಕೊಳವೆಗಳು ಆರು ಬೇಕಾಗಿಲ್ಲ, ಮೂರು ಸಾಕು, ಬೆಂಚು ಹಳೆಯದೇ.